ಹೆಬ್ಬೆರಳಿನ ಗುರುತಿನ ಕುಳ್ಳು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಚಳಿಯೂ ಹೋಯಿತು, ಅದರ ಬೆನ್ನಿಗೇ ಸರ್ವಮಂಗಳಮ್ಮನ ತಾಳ್ಮೆಯೂ ಹೋಯಿತು.

ಸಂತೇಬೆನ್ನೂರಿನಲ್ಲಿ ಅವಳ ಗಂಡ ಕೊಟ್ರಬಸಪ್ಪನಿಗೆ ತೋಟವಿತ್ತು, ಅಡಿಕೆ ವ್ಯಾಪಾರವಿತ್ತು, ಊರತುಂಬ ಹೆಸರೂ ಇತ್ತು. ಸರ್ವಮಂಗಳಮ್ಮನದು ಅಂತ ಇದ್ದದ್ದು ಹಿತ್ತಲಿನ ಹದಿನೈದು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ನೆಲ ಮಾತ್ರ. ಅಲ್ಲಿಗೂ ಅಡಿಕೆ ಸಸಿ ಇಡುತ್ತೇನೆಂದು ಅವನು ಎರಡು ಸಲ ಬಂದಿದ್ದ. ಎರಡು ಸಲವೂ ಅವಳು ಅವನ ಕೈಯಿಂದ ಗುದ್ದಲಿ ಕಸಿದು ವಾಪಸು ಕಳಿಸಿದ್ದಳು. ಸಂಕ್ರಾಂತಿ ಕಳೆಯಿತೆಂದರೆ ಅವಳಿಗೆ ಬೇರೆ ಯೋಚನೆಯೇ ಇರುತ್ತಿರಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬರೆದಿಟ್ಟುಕೊಳ್ಳುವಳು: ಬಚ್ಚಲ ನೀರು ಹರಿಯುವ ಕಡೆ ಬಸಳೆ, ಬಿಸಿಲು ಬೀಳುವ ಕಡೆ ಬೆಂಡೆ, ಬೇಲಿಗೆ ಹೀರೆ, ಮೂಲೆಯಲ್ಲಿ ಕುಂಬಳ. ನಡುವಿನ ಚಪ್ಪರ ಮಾತ್ರ ಪ್ರತಿ ವರ್ಷ ಒಂದಕ್ಕೇ ಮೀಸಲು. ಅದು ಅವಳ ತವರಿನ ಗುಂಡುಸೋರೆ.

ಜಗಳೂರು ಕಡೆಯ ನೀರಿಲ್ಲದ ಊರಿನ ಸೋರೆ ಅದು. ಎರಡು ದಿನಕ್ಕೊಂದು ಕೊಡ ನೀರು ಸಾಕು, ಚಪ್ಪರ ಬಗ್ಗುವಷ್ಟು ಕಾಯಿ. ಮದುವೆಯಾಗಿ ಬರುವಾಗ ಅವಳ ಅವ್ವ ಕಲ್ಲಮ್ಮ ಉಡಿಯಕ್ಕಿಯ ಜೊತೆಗೆ ಒಂದು ಒಣಗಿದ ಸೆಗಣಿ ಕುಳ್ಳನ್ನೂ ಹಾಕಿದ್ದಳು. ಅದರೊಳಗೆ ಬೀಜ. ಕಾಯಿ ಬಲಿತ ಮೇಲೆ ಬೀಜ ತೆಗೆದು, ಹಸಿ ಸೆಗಣಿಯಲ್ಲಿ ಹುದುಗಿಸಿ ತಟ್ಟಿ, ಗೋಡೆಗೆ ಬಡಿದರೆ ಹುಳ ಮುಟ್ಟುವುದಿಲ್ಲ, ಇಲಿ ಮೂಸುವುದಿಲ್ಲ. ಒಲೆಯ ಕುಳ್ಳಿಗೆ ಪೂರ್ತಿ ಅಂಗೈ ಗುರುತು. ಬೀಜದ ಕುಳ್ಳಿಗೆ ಬೆರಳಿನ ಗುರುತು: ಹೀರೆಗೆ ಮೂರು, ಸೌತೆಗೆ ಎರಡು, ಗುಂಡುಸೋರೆಗೆ ನಟ್ಟನಡುವೆ ಒಂದೇ ಹೆಬ್ಬೆರಳು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಊರಿನ ಮನೆಯನ್ನು ಅವಳ ತಮ್ಮ ಮಾರಿ ದಾವಣಗೆರೆ ಸೇರಿದ್ದ. ಅವ್ವನದು ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಹೆಬ್ಬೆರಳಿನ ಕುಳ್ಳುಗಳು ಮಾತ್ರ.

ಶಿವರಾತ್ರಿಗೆ ಮುಂಚೆ ಹೊನ್ನಾಳಿಯಲ್ಲಿ ಮಗಳು ಪೂಜಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹೋಗುವ ಮುನ್ನ ಸರ್ವಮಂಗಳಮ್ಮ ಗುಂಡಿ ತೋಡಿ, ಹಳೇ ಗೊಬ್ಬರ ತುಂಬಿ, ಚಪ್ಪರದ ಕಂಬ ನೆಟ್ಟು ಹೋಗಿದ್ದಳು. ವಾಪಸು ಬಂದ ಮೇಲೆ ಹಬ್ಬದ ಗಡಿಬಿಡಿಯಲ್ಲಿ ಹಿತ್ತಲಿಗೆ ಕಣ್ಣು ಹಾಯಿಸಲೂ ಪುರಸೊತ್ತಾಗಲಿಲ್ಲ. ಹಬ್ಬದ ಪಾತ್ರೆ ತೊಳೆದು, ನೆಂಟರನ್ನು ಕಳಿಸಿ, ಐದನೆಯ ದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿಕೊಂಡು ಬಚ್ಚಲುಮನೆಯ ಹಿಂದಿನ ಗೋಡೆಗೆ ಬಂದಳು.

ಗೋಡೆ ಬೋಳಾಗಿತ್ತು. ಕುಳ್ಳು ಕಿತ್ತ ಜಾಗದಲ್ಲಿ ದುಂಡು ದುಂಡು ಕಲೆ ಮಾತ್ರ ಉಳಿದಿತ್ತು. ಅವಳು ನೆಲ ನೋಡಿದಳು, ಕೊಟ್ಟಿಗೆ ನೋಡಿದಳು, ಒಲೆಗೆಂದು ಪೇರಿಸಿಟ್ಟ ಕುಳ್ಳಿನ ಒಟ್ಟಿಲು ಇರುತ್ತಿದ್ದ ಮೂಲೆ ನೋಡಿದಳು. ಒಟ್ಟಿಲೂ ಇರಲಿಲ್ಲ.

ಕೊಟ್ರಬಸಪ್ಪ ಪಡಸಾಲೆಯಲ್ಲಿ ಕುಳಿತು ಪೇಪರು ಓದುತ್ತಿದ್ದ.

"ಏನ್ರೀ, ಗೋಡೆ ಮ್ಯಾಲಿನ ಕುಳ್ಳು ಎಲ್ಲಿ?"

"ಮಠದೋರು ಬಂದಿದ್ರು. ಶಿವರಾತ್ರಿಗೆ ವಿಭೂತಿ ಮಾಡಾಕೆ ಕುಳ್ಳು ಬೇಕು ಅಂದ್ರು. ಕೊಟ್ಟೆ." ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

"ಒಟ್ಟಿಲು ಇತ್ತಲ್ರಿ, ಇನ್ನೂರು ಕುಳ್ಳಿಂದು!"

"ಅದನ್ನೂ ಕೊಟ್ಟೆ. ಗಾಡೀಲಿ ಇನ್ನೂ ಜಾಗ ಇತ್ತು. ಅರ್ಧಂಬರ್ಧ ಕೊಟ್ಟು ಕಳ್ಸಿದ್ರೆ ನಮ್ಮ ಮನೆತನಕ್ಕೆ ಚೆಂದಾನಾ? ಗೋಡೆದೂ ಕಿತ್ತು ಹಾಕಿಸ್ದೆ."

"ಅವು ಬೀಜದ ಕುಳ್ಳು!"

ಈಗ ತಲೆ ಎತ್ತಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ತನಗೆ ಸಂಬಂಧವಿಲ್ಲದ ವಿಷಯ ಕೇಳಿದವನ ಮುಖ ಅದು. "ಕುಳ್ಳಿನಾಗೂ ಬೇರೆ ಬೇರೆ ಇರ್ತಾವಾ?" ಅಂದ.

ಇಪ್ಪತ್ತೇಳು ವರ್ಷ. ದಿನಾ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಆ ಗೋಡೆಯ ಪಕ್ಕದಲ್ಲೇ ಹಾದುಹೋದವನು. ಆ ಸೋರೆಯ ಪಲ್ಯಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಿಂದವನು. ಅತ್ತೆ ಒಡವೆ ಅಳಿಯ ದಾನ ಮಾಡಿದ ಅನ್ನುವ ಗಾದೆಯನ್ನು ಸರ್ವಮಂಗಳಮ್ಮನೂ ನೂರು ಸಲ ಆಡಿದ್ದಳು. ಅದು ಅಕ್ಷರಶಃ ತನ್ನ ಮನೆಯಲ್ಲೇ, ತಾನಿಲ್ಲದ ಹೊತ್ತು ನೋಡಿ ನಡೆದುಹೋಗಿತ್ತು.

"ಸುಟ್ಟೇ ಬಿಟ್ರಾ?"

"ಹಬ್ಬದ ದಿನವೇ ಸುಟ್ಟು ವಿಭೂತಿ ಆತು. ನಮಗೂ ಪ್ರಸಾದ ಕಳ್ಸ್ಯಾರೆ, ದೇವರ ಗೂಡಲ್ಲಿ ಐತೆ ನೋಡು. ಒಂದು ಸೋರೇಕಾಯಿಗೆ ಯಾಕೆ ಇಷ್ಟು ಕೂಗ್ತೀಯ? ಚನ್ನಗಿರಿಗೆ ಹೆಂಗೂ ಹೋಗ್ತೀನಿ, ಬೀಜ ತರ್ತೀನಿ ಬಿಡು."

ತಂದೇ ತಂದ. ಸಂಜೆ ಹನ್ನೆರಡು ಪ್ಯಾಕೆಟ್ಟು ಮೇಜಿನ ಮೇಲೆ ಹರಡಿದ. ಒಂದೊಂದರ ಮೇಲೂ ಮದುವಣಗಿತ್ತಿಯಂತೆ ಮಿರಿಮಿರಿ ಮಿಂಚುವ ಕಾಯಿಯ ಚಿತ್ರ. ಸೋರೆಯದು ಮೊಳದುದ್ದ, ದೊಣ್ಣೆಯ ಹಾಗಿತ್ತು. ಹೈಬ್ರಿಡ್ ಬೀಜ, ಒಂದು ಸಲ ಬೆಳೆದರೆ ಆಯಿತು, ಅದರ ಬೀಜ ಇಟ್ಟು ಮತ್ತೆ ಹಾಕಿದರೆ ತಾಯಿಯ ಗುಣ ಬರುವುದಿಲ್ಲ, ಪ್ರತಿ ವರ್ಷ ಅಂಗಡಿಯವನ ಮುಂದೆ ಕೈ ಒಡ್ಡಬೇಕು. ಸರ್ವಮಂಗಳಮ್ಮ ಸೌತೆ, ಹೀರೆ, ಬೆಂಡೆಯ ಪ್ಯಾಕೆಟ್ಟು ಎತ್ತಿಟ್ಟುಕೊಂಡು, ಸೋರೆಯದನ್ನು ಅವನ ಕಾಲ ಬಳಿ ಒಗೆದಳು. ಅವನು ಅದನ್ನು ಹೆಕ್ಕಿ, ಧೂಳು ಒರೆಸಿ, "ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ" ಅಂತ ಬುದ್ಧಿ ಹೇಳಿದ. ಮೂಗು ಕೊಯ್ದವನೇ ಹೇಳುವ ಮಾತು!

ಸರ್ವಮಂಗಳಮ್ಮ ಹಿತ್ತಲಿಗೆ ಬಂದಾಗ ಪಕ್ಕದ ಮನೆಯ ನಿರ್ಮಲಮ್ಮ ಗಲಾಟೆ ಕೇಳಿ ಬೇಲಿಯ ಹತ್ತಿರ ಬಂದಿದ್ದಳು. "ಹೋಗ್ಲಿ ಬಿಡ್ರಿ ಅಕ್ಕಾರೆ, ವಿಭೂತಿ ಆಗೈತೆ ಅಂದ್ಮೇಲೆ ಪುಣ್ಯನೇ ಬಂತು."

"ಯಾರಿಗೆ ಬಂತು ಪುಣ್ಯ? ಕೊಟ್ಟೋರ ಹೆಸರು ಮಠದಾಗೆ ಕೂಗಿರ್ತಾರೆ. ನಮ್ಮವ್ವನ ಹೆಸರು ಕೂಗ್ಯಾರಾ?"

ನಿರ್ಮಲಮ್ಮ ಮೆಲ್ಲಗೆ, "ಹೋದ ವರ್ಷ ನಂಗೆ ನಾಕು ಬೀಜ ಕೊಡ್ರಿ ಅಂತ ಕೇಳಿದ್ದೆ. ನೀವು ಕೊಡ್ಲಿಲ್ಲ. ಕೊಟ್ಟಿದ್ರೆ ಇವತ್ತು ನಮ್ಮ ಹಿತ್ತಲಾಗಾದ್ರೂ ಇರ್ತಿತ್ತು" ಅಂದಳು.

ಈ ಮಾತು ಚುಚ್ಚಿದಷ್ಟು ಗಂಡನ ಯಾವ ಮಾತೂ ಚುಚ್ಚಿರಲಿಲ್ಲ. ನಿಜ ಚುಚ್ಚುತ್ತದೆ. ಈ ಸೋರೆ ಊರಲ್ಲಿ ತನ್ನ ಚಪ್ಪರದಲ್ಲಿ ಮಾತ್ರ ಇರಬೇಕೆಂಬ ಜಂಬ ಅವಳಿಗಿತ್ತು. ಬೀಜ ಕೇಳಿದವರಿಗೆಲ್ಲ ಕಾಯಿ ಕೊಟ್ಟು ಕಳಿಸುತ್ತಿದ್ದಳು, ಅದೂ ಎಳೆಯದನ್ನು, ಬೀಜ ಬಲಿಯದ್ದನ್ನು. ಸರ್ವಮಂಗಳಮ್ಮ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ತನ್ನ ಮೇಲಿನ ಸಿಟ್ಟನ್ನೂ ಸೇರಿಸಿ ಗಂಡನ ಲೆಕ್ಕಕ್ಕೇ ಹಾಕಿದಳು. ಅದು ನ್ಯಾಯವಲ್ಲ ಅಂತ ಅವಳಿಗೂ ಗೊತ್ತಿತ್ತು. ಆದರೂ ಹಾಕಿದಳು.

ಮರುದಿನ ಬೆಳಿಗ್ಗೆ ಕೊಟ್ರಬಸಪ್ಪ ಸ್ನಾನ ಮಾಡಿ, ಮಡಿ ಉಟ್ಟು, ಲಿಂಗಪೂಜೆಗೆ ಕುಳಿತ. ಮಠದಿಂದ ಬಂದ ಹೊಸ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ತೇದು, ಮೂರು ಬೆರಳು ಅದ್ದಿ, ಹಣೆಗೆ ಎತ್ತಿದ. ಸರ್ವಮಂಗಳಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಹಚ್ಕೊಳ್ರಿ. ನಮ್ಮವ್ವನ ಸೋರೆ ಅದು. ಮೂರು ಗೆರೆ ಸಾಕಾ, ಇನ್ನೊಂದು ಬೇಕಾ?"

ಅವನ ಕೈ ಹಣೆಯ ಹತ್ತಿರವೇ ನಿಂತಿತು. "ಮಂಗಳಾ, ವಿಭೂತಿ ಮುಂದೆ ಹಿಂಗೆಲ್ಲ ಮಾತಾಡಬಾರದು. ಪಾಪ ಬರ್ತೈತೆ."

"ಬರ್ಲಿ. ಪುಣ್ಯ ಎಲ್ಲ ನೀವು ತಗಂಡೀರಿ, ಪಾಪಾನಾದ್ರೂ ನಂಗಿರ್ಲಿ. ಈ ಮನೆಯಾಗೆ ಸಾವಿರ ಅಡಿಕೆ ಮರ ಐತೆ. ಅದ್ರಾಗೆ ಒಂದು ಮರ ಕೊಡ್ರಿ ಅಂದಿದ್ರೆ ನೀವು ಮೂರು ದಿನ ಯೋಚನೆ ಮಾಡ್ತಿದ್ರಿ. ನಂದು ಅಂತ ಇದ್ದಿದ್ದನ್ನ ಕೊಡಾಕೆ ನಿಮಗೆ ಮೂರು ನಿಮಿಷ ಹಿಡೀಲಿಲ್ಲ. ನನ್ನ ಕೇಳಾಕೆ ಒಂದು ಫೋನು ಮಾಡಿದ್ರೆ ಆಗ್ತಿತ್ತು. ಮಾಡ್ಲಿಲ್ಲ. ಯಾಕಂದ್ರೆ ಹಿತ್ತಲಾಗೆ ಇರೋದೆಲ್ಲ ಬಿಟ್ಟಿ ಅಂತ ನಿಮ್ಮ ಲೆಕ್ಕ. ನಾನೂ ಸೇರಿ."

ಅವನ ಅಂಗೈಯಲ್ಲಿದ್ದ ವಿಭೂತಿ ಒಣಗತೊಡಗಿತು. ಪೂಜೆ ನಿಲ್ಲಿಸುವಂತಿಲ್ಲ, ಹಚ್ಚಿಕೊಳ್ಳಲು ಧೈರ್ಯವಿಲ್ಲ. ಕೊನೆಗೆ ತೀರ ತೆಳ್ಳಗೆ, ಕಂಡೂ ಕಾಣದ ಹಾಗೆ ಗೆರೆ ಎಳೆದುಕೊಂಡ.

ಪೂಜೆ ಮುಗಿಸಿ ಎದ್ದವನು, "ಈಗ ಏನು ಮಾಡ್ಲಿ ಹೇಳು" ಅಂದ.

"ನಮ್ಮೂರಿಗೆ ಹೋಗ್ರಿ. ಮನೆಮನೆಗೆ ಹೋಗಿ ಬೀಜ ಕೇಳ್ರಿ."

"ನಾನು ಯಾರ ಬಾಗಿಲಿಗೂ ಹೋಗಿ ಏನೂ ಕೇಳಿದೋನಲ್ಲ."

"ಗೊತ್ತೈತೆ. ಕೊಟ್ಟೇ ಅಭ್ಯಾಸ ನಿಮಗೆ. ಒಂದು ದಿನ ಕೇಳಿ ನೋಡ್ರಿ, ಹೆಂಗಿರ್ತೈತೆ ಅಂತ."

ಅವನು ಬಿಳೀ ಅಂಗಿ ಹಾಕಿ, ಸನ್ಮಾನದಲ್ಲಿ ಬಂದಿದ್ದ ಜರಿ ಶಲ್ಯ ಹೊದ್ದು, ಬರಿಗೈಲಿ ಬೀಜ ಕೇಳಬಾರದೆಂದು ಒಂದು ಚೀಲದಲ್ಲಿ ಒಳ್ಳೇ ಅಡಿಕೆ ಹಾಕಿಕೊಂಡು ಬಸ್ಸು ಹತ್ತಿದ. ಸರ್ವಮಂಗಳಮ್ಮ ಹಿತ್ತಲಿಗೆ ಇಳಿದಳು. ಬೇಲಿಗೆ ಹೀರೆ ಹಾಕಿದಳು, ಬೆಂಡೆಗೆ ಸಾಲು ಎಳೆದಳು, ಬಸಳೆಯ ಕಡ್ಡಿ ಊರಿದಳು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಬೈಯುತ್ತಿತ್ತು. ಚಪ್ಪರದ ಗುಂಡಿಯ ಹತ್ತಿರ ಮಾತ್ರ ಹೋಗಲಿಲ್ಲ.

ಮಧ್ಯಾಹ್ನ ಫೋನು ಬಂತು. "ಯಾವ ಸೋರೆ ಅಂತ ಕೇಳ್ತಾರೆ. ಕುತ್ತಿಗೆ ಐತಾ ಇಲ್ವಾ? ತೊಟ್ಟು ಹಸಿರಾ, ಬಿಳೀದಾ? ಏನಂತ ಹೇಳ್ಲಿ?"

"ಇಪ್ಪತ್ತೇಳು ವರ್ಷ ತಿಂದೋರು ನೀವು. ನೀವೇ ಹೇಳ್ರಿ." ಫೋನು ಇಟ್ಟುಬಿಟ್ಟಳು. ಹೇಳಿದ್ದರೆ ಬೀಜ ಸಿಗುತ್ತಿತ್ತೋ ಏನೋ. ಆದರೂ ಮತ್ತೆ ಫೋನು ಮಾಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೊಟ್ರಬಸಪ್ಪ ಬಂದ. ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು, ಹೆಗಲ ಮೇಲೆ ಶಲ್ಯವಿರಲಿಲ್ಲ. ಶಲ್ಯವನ್ನು ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದಿದ್ದ. ನೀರು ಕುಡಿದು, ಗೋಡೆಗೆ ಒರಗಿ ಕುಳಿತ.

"ಹನ್ನೊಂದು ಮನೆ ಕೇಳಿದೆ. ಯಾವ ತರದ್ದು ಅಂತ ಹೇಳಾಕೆ ನಂಗೆ ಬರ್ಲಿಲ್ಲ. ಒಂದು ಮನೇಲಿ ನಗಾಡಿದ್ರು. ಇನ್ನೊಂದು ಮನೇಲಿ ಓಟು ಕೇಳಾಕೆ ಬಂದೋನು ಅಂತ ತಿಳಿದು ಬಾಗಿಲೇ ತೆಗೀಲಿಲ್ಲ. ಕಡೀಗೆ ಸಾವಂತ್ರಮ್ಮ ಅಂತ ಒಂದು ಅಜ್ಜಿ, ನಿಮ್ಮ ಮನೆ ಎದುರಿಗೇ ಇದ್ದೋಳಂತೆ. ಕಣ್ಣು ಸರಿಯಾಗಿ ಕಾಣಲ್ಲ. ಕಲ್ಲಮ್ಮನ ಅಳಿಯ ಅಂದೆ, ಕುಳ್ಳು ಮಠಕ್ಕೆ ಕೊಟ್ಟಿದ್ದು ಹೇಳ್ದೆ, ಅಷ್ಟೇ. ಬೀಜದ ಕುಳ್ಳು ಸುಟ್ಟ ಗಂಡಸು ಅಂತ ಒಬ್ಬ ಇದ್ರೆ ಅದು ನೀನೇ ಏನಪ್ಪಾ ಅಂತ ಬೈದ್ಳು. ನಿಮ್ಮವ್ವ ವರ್ಷಾ ವರ್ಷಾ ಎರಡು ಕುಳ್ಳು ಅವಳ ಗೋಡೆಗೆ ಬಡಿದು ಹೋಗ್ತಿದ್ಳಂತೆ. ಬೀಜಾನ ಒಂದೇ ಗೋಡೆಗೆ ನಂಬಬಾರದು ಅಂತಿದ್ಳಂತೆ. ನಿಮ್ಮವ್ವ ಹೋದ್ಮೇಲೂ ಆ ಅಜ್ಜಿ ಬಿಟ್ಟಿಲ್ಲ."

ಅವನು ಗಂಟು ಬಿಚ್ಚಿದ. ಜರಿ ಶಲ್ಯದ ನಡುವೆ ಒಂದು ಕುಳ್ಳು. ನಟ್ಟನಡುವೆ ಹೆಬ್ಬೆರಳಿನ ಗುಳಿ.

"ಇದೇ ಗುರುತು ಅಲ್ವಾ?" ಅಂದ. ಅವನ ದನಿ ತಗ್ಗಿತ್ತು. "ಬಸ್ಸಲ್ಲಿ ಅದನ್ನೇ ನೋಡ್ಕಂತ ಬಂದೆ. ನಮ್ಮ ಗೋಡೆ ಮ್ಯಾಲೂ ಹಿಂಗೇ ಇತ್ತು. ನೋಡಿದ್ದೆ. ಕೇಳಿರ್ಲಿಲ್ಲ."

ಸರ್ವಮಂಗಳಮ್ಮ ಕುಳ್ಳನ್ನು ಕೈಗೆತ್ತಿಕೊಂಡಳು. ಒಂದೇ ಗೋಡೆಗೆ ನಂಬಬಾರದು ಅಂತ ಅವ್ವ ತನಗೂ ಹೇಳಿದ್ದಳು. ಅದನ್ನು ಮರೆತವಳು ತಾನು. ಹಾಗಂತ ಸಿಟ್ಟು ಇಳಿದುಹೋಯಿತು ಅಂದರೆ ಸುಳ್ಳಾಗುತ್ತದೆ. ಅದು ಅಲ್ಲೇ ಇತ್ತು. ಅದಕ್ಕೊಂದು ಕೆಲಸ ಸಿಕ್ಕಿತು ಅಷ್ಟೆ.

ಬೆಳಿಗ್ಗೆ ಕುಳ್ಳನ್ನು ನೀರಲ್ಲಿ ನೆನೆಸಿ ಬಿಡಿಸಿದಳು. ಒಂಬತ್ತು ಬೀಜ. ಐದನ್ನು ಚಪ್ಪರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಎರಡನ್ನು ಬೇಲಿಯಾಚೆ ನಿರ್ಮಲಮ್ಮನ ಕೈಗಿಟ್ಟಳು. ಉಳಿದ ಎರಡನ್ನು ಹಸಿ ಸೆಗಣಿಯಲ್ಲಿ ಹುದುಗಿಸಿ, ಉಂಡೆ ಕಟ್ಟಿ, ಅಂಗೈಯಲ್ಲಿ ಹಿಡಿದು ಬಚ್ಚಲುಮನೆಯ ಗೋಡೆ ದಾಟಿ, ಕೊಟ್ಟಿಗೆ ದಾಟಿ, ಅಡುಗೆಮನೆ ದಾಟಿ ಪಡಸಾಲೆಗೆ ಬಂದಳು.

ದೀಪಾವಳಿಗೆ ಕೆನೆ ಬಣ್ಣ ಹೊಡೆಸಿದ ಗೋಡೆ. ಅದರ ಮೇಲೆ ಕೊಟ್ರಬಸಪ್ಪನ ಸನ್ಮಾನದ ಫೋಟೋ: ಹಾರ, ಶಲ್ಯ, ಫಲತಾಂಬೂಲ. ಅದರ ಪಕ್ಕಕ್ಕೇ ಸರ್ವಮಂಗಳಮ್ಮ ಫಟ್ಟನೆ ಕುಳ್ಳು ಬಡಿದು, ನಡುವೆ ಹೆಬ್ಬೆರಳು ಒತ್ತಿದಳು. ಹಸಿ ಸೆಗಣಿಯ ಹನಿ ಫೋಟೋದ ಗಾಜಿಗೂ ಸಿಡಿಯಿತು.

"ಅಲ್ಲಾ, ಪಡಸಾಲೇಲಿ..." ಅಂದ ಕೊಟ್ರಬಸಪ್ಪ. "ಬಂದೋರು ನೋಡಿದ್ರೆ ಏನಂತ ಕೇಳಲ್ವಾ?"

"ಕೇಳ್ಲಿ ಅಂತಾನೇ ಬಡಿದಿದ್ದು. ಕೇಳಿದಾಗ ಹೇಳ್ರಿ, ಇದು ನಂದಲ್ಲ, ಕೊಡಾಕೆ ನಂಗೆ ಹಕ್ಕಿಲ್ಲ, ನನ್ನ ಹೆಂಡ್ತೀನ ಕೇಳ್ಬೇಕು ಅಂತ. ಬಾಯಿಪಾಠ ಆಗಲಿಲ್ಲ ಅಂದ್ರೆ ಈಗಲೇ ಒಂದ್ಸಲ ಹೇಳ್ರಿ, ನಾನು ಕೇಳ್ತೀನಿ."

ಅವನು ಗೋಡೆ ನೋಡಿದ, ಅವಳ ಸೆಗಣಿ ಕೈ ನೋಡಿದ. ಆಮೇಲೆ ಹೇಳಿದ. ಮೊದಲ ಸಲ ಹಕ್ಕಿಲ್ಲ ಅನ್ನುವಲ್ಲಿ ತಡವರಿಸಿದ, ಅವಳು ಇನ್ನೊಂದು ಸಲ ಹೇಳಿಸಿದಳು. ಪೂರ್ತಿ ಹೇಳಿ ಮುಗಿಸಿ, ಸುತ್ತಿಗೆ ಹುಡುಕಿ ತಂದು, ಕುಳ್ಳು ಒಣಗಲು ಜಾಗವಾಗಲಿ ಅಂತ ಫೋಟೋವನ್ನು ಒಂದು ಗೇಣು ಆಚೆಗೆ ಸರಿಸಿ ಮೊಳೆ ಹೊಡೆದ.