ಹೊನ್ನಮ್ಮನ ಸುಣ್ಣದ ಬೊಟ್ಟು

ಚಟ್ಟದ ಬಿದಿರಿಗೆ ಕೆಂಪಣ್ಣ ಎರಡನೆಯ ಗಂಟು ಬಿಗಿಯುತ್ತಿದ್ದಾಗ ಪಟೇಲ ನಾಣಯ್ಯ ಕಂಕುಳಲ್ಲಿ ಸಾವಿನ ರಿಜಿಸ್ಟರ್ ಇಟ್ಟುಕೊಂಡು ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಕಂಪೌಂಡ್ರೇ, ಹೆಸರು ಹೊನ್ನಮ್ಮ, ಪ್ರಾಯ ಎಪ್ಪತ್ತೆರಡು, ಅಷ್ಟು ಬರ್ದಾತ್. ಕಾಯಿಲೆ ಎಂತ ಅಂತ ಬರೆಯೋದು?"

ಕೆಂಪಣ್ಣ ತಲೆ ಎತ್ತಲಿಲ್ಲ. "ಮುಪ್ಪು ಅಂತ ಬರ್ಕಳಿ."

"ಬರೀ ಮುಪ್ಪಾ?"

"ಮುಪ್ಪು, ಮರೆವು. ಎರಡೂ ಇತ್ತಲ್ಲ."

ನಾಣಯ್ಯ ಪೆನ್ನು ಕೊಡವಿದ. ಶಾಯಿ ಮುಗಿದಿತ್ತು. ಮಿಂದು ಬಂದ ಮೇಲೆ ಬರೆದರಾಯಿತು ಎಂದು ಎದ್ದು ಹೋದ. ಸಾವು ಸಾರುವ ಜೋಡಿ ಗುಂಡು ಹಾರಿ ಗಂಟೆಯಾಗಿತ್ತು. ಕಾಫಿ ಕುಯ್ಲಿನಿಂದ ಎದ್ದು ಬಂದವರು ಅಂಗಳದ ತುಂಬ ನಿಂತಿದ್ದರು. ಹೊನ್ನಮ್ಮನ ಒಬ್ಬನೇ ಮಗ ಪದ್ಮಯ್ಯ ಕೆಂಪಣ್ಣನ ಬಳಿ ಬಂದು ಕೈ ಹಿಡಿದುಕೊಂಡ.

"ಕೊನೆವರೆಗೂ ನೀವೇ ನೋಡ್ಕಂಡಿರಿ. ಎರಡು ರಾತ್ರಿ ನಿದ್ದೆ ಬಿಟ್ಟು ಕೂತಿರಿ. ಈ ಋಣ ತೀರ್ಸಕೆ ಆಗಲ್ಲ."

ಇಂಥ ಮಾತು ಕೇಳಿದರೆ ಯಾರಿಗಾದರೂ ಹಿತವಾಗಬೇಕು. ಕೆಂಪಣ್ಣ ಮಾತ್ರ ಕೈ ಬಿಡಿಸಿಕೊಂಡು ಮತ್ತೆ ಗಂಟಿಗೆ ಕೈ ಹಾಕಿದ. ಮುದುಕಿ ಕೊನೆಯ ಹದಿನೈದು ದಿನ ಬಿಳುಚಿಕೊಂಡ ರೀತಿ ಅವನಿಗೆ ಸರಿಕಂಡಿರಲಿಲ್ಲ. ಆದರೂ ಮುಪ್ಪು ಎನ್ನುವುದು ಬಹಳ ಅನುಕೂಲದ ಮಾತು. ಒಮ್ಮೆ ಅಂದರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ.

*

ಕೆಂಪಣ್ಣ ಕುಶಾಲನಗರದ ಕಡೆಯವನು. ಅಪ್ಪ ಹಾಸನದಿಂದ ಬಂದು ಅಲ್ಲಿ ಬೇಸಾಯ ಹೂಡಿದವನು. ನಾಪೋಕ್ಲಿನಿಂದಾಚೆಯ ಈ ಊರಿನ ಡಿಸ್ಪೆನ್ಸರಿಗೆ ಕಂಪೌಂಡರಾಗಿ ಬಂದ ಮೊದಲ ವರ್ಷ, ಆಗಸ್ಟ್ ಮೊದಲಿಗೆ, ಮಳೆಗಾಲದ ಆಟಿ ತಿಂಗಳ ಹದಿನೆಂಟರ ಸಂಜೆ, ಹೊನ್ನಮ್ಮ ಕರೆದು ಕಡುನೇರಳೆ ಬಣ್ಣದ ಪಾಯಸ ಬಡಿಸಿದ್ದಳು. ಘಮ್ಮೆನ್ನುತ್ತಿತ್ತು. ಕೆಂಪಣ್ಣ ಮೂರು ಬಟ್ಟಲು ಬಾರಿಸಿದ. ಬೆಳಿಗ್ಗೆ ಎದ್ದು ನೋಡಿದರೆ ಮೂತ್ರ ಕೆಂಪು. ತನ್ನ ಕತೆ ಮುಗಿಯಿತೆಂದು ಕೈಕಾಲು ಬಿಟ್ಟವನು, ಚಪ್ಪಲಿ ಕೂಡ ಮೆಟ್ಟದೆ ಅವಳ ಅಂಗಳಕ್ಕೆ ಓಡಿ ಬಂದ.

ಮುದುಕಿ ನಕ್ಕೂ ನಕ್ಕೂ ಜಗಲಿಯ ಮೇಲೆ ಕೂತುಬಿಟ್ಟಳು. "ಹೆದರ್ಬೇಡ ಮಗ. ಆಟಿ ಹದಿನೆಂಟರ ಸೊಪ್ಪು ಅದು. ಹದಿನೆಂಟು ಮದ್ದು ಅದರೊಳಗೆ ಉಟ್ಟು. ತಿಂದವ್ಕೆಲ್ಲ ಹಂಗೇ, ಎರಡು ದಿನಕ್ಕೆ ಸರಿ ಆದೆ."

ಕಂಪೌಂಡರಿಗೇ ಮದ್ದು ಹೇಳಿದ ಅಜ್ಜಿ ಎಂದು ಊರವರು ವರ್ಷಗಟ್ಟಲೆ ಆಡಿಕೊಂಡರು. ಅವಮಾನ ನುಂಗಿದವನು ಪಾಠ ಮರೆಯುವುದಿಲ್ಲ. ಆಟಿ ಸೊಪ್ಪಿನ ವಿಷಯದಲ್ಲಿ ತನಗಿನ್ನು ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಕೆಂಪಣ್ಣ ಬೀಗುತ್ತಿದ್ದ.

ಕಳೆದ ಮಾರ್ಚ್ ಕೊನೆಗೆ ದೊಡ್ಡ ಊರಿನ ಡಾಕ್ಟರೊಬ್ಬರು ಅಚ್ಚು ಹಾಕಿಸಿದ ಕಾಗದಗಳನ್ನು ತಂದುಕೊಟ್ಟರು. ಮುದುಕರ ಬುದ್ಧಿ, ನೆನಪು ಎಷ್ಟಿದೆಯೆಂದು ಅಳೆಯುವ ಸಂಶೋಧನೆಯಂತೆ. ಅರವತ್ತು ದಾಟಿದವರಿಗೆಲ್ಲ ಅವೇ ಪ್ರಶ್ನೆ ಕೇಳಬೇಕು, ಬಿಡಿಸಿ ಹೇಳಬಾರದು, ಕಾಗದದಲ್ಲಿ ಅಚ್ಚಾದ ಉತ್ತರಕ್ಕೆ ಮಾತ್ರ ಅಂಕ.

"ಇದು ಯಾವ ತಿಂಗಳು?"

"ಸುಗ್ಗಿ," ಎಂದಳು ಹೊನ್ನಮ್ಮ. ಅವಳ ಎಣಿಕೆಯಲ್ಲಿ ಅದು ಸುಗ್ಗಿ ತಿಂಗಳೇ. ಕಾಗದದಲ್ಲಿ ಮಾರ್ಚ್ ಎಂದಿತ್ತು.

"ನಾವಿರೋದು ಯಾವ ರಾಜ್ಯ?"

"ಕೊಡಗು. ಮತ್ತೆಂತ?"

ಕೊಡಗು ಮೈಸೂರಿಗೆ ಸೇರಿ ಇನ್ನೂ ಐದು ತಿಂಗಳಾಗಿರಲಿಲ್ಲ. ಹೊನ್ನಮ್ಮನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಆಮೇಲೆ ನೆನಪಿಡಲು ಮೂರು ಮಾತು: ರೈಲು, ಒಂಟೆ, ಗಡಿಯಾರ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಗಡಿಯಾರವೊಂದನ್ನು ಹೇಳಿದಳು.

"ಉಳಿದದ್ದು ಎಂತದೋ ಮಗ. ನಾ ಕಂಡದ್ದಲ್ಲ."

ಹತ್ತಕ್ಕೆ ಮೂರು ಬಂತು. ಇದು ನ್ಯಾಯವಲ್ಲ ಎಂದು ಕೆಂಪಣ್ಣನ ಮನಸ್ಸಿಗೂ ಹೊಳೆಯಿತು. ಆದರೆ ಡಾಕ್ಟರು ಹೇಳಿದ್ದೇ ವೇದವಾಕ್ಯ. ನೆನಪು ಕುಂದಿದೆ ಎಂದು ಕಾಗದದಲ್ಲಿ ಬರೆದ. ಡಿಸ್ಪೆನ್ಸರಿ ಪುಸ್ತಕದಲ್ಲೂ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದಿಟ್ಟ.

ಆಟಿ ಹದಿನೆಂಟು ಕಳೆದು ಎರಡು ದಿನಕ್ಕೆ ಹೊನ್ನಮ್ಮ ತಲೆಗೆ ಎಲೆಯ ಗೊರಬೆ ಸೂಡಿಕೊಂಡು ಮಳೆಯಲ್ಲೇ ನಡೆದು ಬಂದಳು. ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಕೆಂಪು ಹೋಗ್ತಾ ಉಟ್ಟು ಮಗ," ಎಂದಳು.

ಕೆಂಪಣ್ಣನಿಗೆ ಸೇಡು ತೀರಿಸುವ ಸುಯೋಗ. ಗಹಗಹಿಸಿ ನಕ್ಕ. "ಹೆದ್ರಬ್ಯಾಡಿ ಅಜ್ಜಿ! ಆಟಿ ಸೊಪ್ಪಲ್ವಾ, ನೀವೇ ಹೇಳ್ಕೊಟ್ಟಿದ್ದು."

"ನಾ ಈ ಸಲ ತಿಂದಿಲ್ಲೆ."

"ತಿಂದಿದ್ದೀರ. ಮರ್ತಿದ್ದೀರ."

"ನಂಗೆ ತಲೆ ಸರಿ ಉಟ್ಟು ಮಗ," ಎಂದಳು. ಕೆಂಪಣ್ಣನ ಕಣ್ಣು ಪುಸ್ತಕದ ಕೆಂಪು ಶಾಯಿಯ ಕಡೆ ಹೋಯಿತು. ಒಂದು ಸೀಸೆ ಮಿಕ್ಸ್ಚರ್ ಕೊಟ್ಟು, "ಇನ್ನೂ ಕೆಂಪು ಹೋದ್ರೆ ದಿನ ಲೆಕ್ಕ ಇಟ್ಕಳಿ, ಮರೀಬ್ಯಾಡಿ," ಎಂದು ತಮಾಷೆ ಮಾಡಿ ಕಳಿಸಿದ. ಮುಂದೆ ಪದ್ಮಯ್ಯ ಬಂದು, ಅವ್ವ ಏನೇನೋ ಹೇಳುತ್ತಾಳೆ ಎಂದಾಗ, "ಮರೆವು. ಮನಸ್ಸಿಗೆ ಹಚ್ಕೊಬ್ಯಾಡಿ," ಎಂದ.

*

ಚಿತೆಗೆ ಬೆಂಕಿ ಹಿಡಿಯಿತು. ನಾಣಯ್ಯ ಕೆಂಪಣ್ಣನ ಪಕ್ಕ ನಿಂತು ನಿಟ್ಟುಸಿರು ಬಿಟ್ಟ.

"ಪಾಪ ಪದ್ಮಯ್ಯಂಗೆ ಒಂದೇ ವರ್ಷಲಿ ಎರಡು ಸೂತಕ. ಆಟಿಲಿ ದೊಡ್ಡಪ್ಪ ಹೋದೊ, ಈಗ ಅವ್ವ. ಆ ಸೂತಕಲಿ ಈ ಮನೇಲಿ ಹದಿನೆಂಟರ ಸೊಪ್ಪೂ ಬೇಯಿಸಿಲ್ಲೆ."

ಕೆಂಪಣ್ಣ ಅವನ ಕಡೆ ತಿರುಗಿದ. "ಏನಂದ್ರಿ?"

"ಸೂತಕದ ಮನೇಲಿ ಪಾಯಸ ಮಾಡಿವೆಯಾ? ಹೊನ್ನಮ್ಮಕ್ಕನೇ ಬೇಡ ಅಂದದ್."

ಉಳಿದವರು ಮೀಯಲು ಹೊಳೆಗೆ ಇಳಿದರು. ಕೆಂಪಣ್ಣ ತಲೆಗೆ ನಾಲ್ಕು ಬೊಗಸೆ ನೀರು ಹಾಕಿಕೊಂಡು ಒದ್ದೆ ಬಟ್ಟೆಯಲ್ಲೇ ಮನೆಯ ಕಡೆ ನಡೆದ. ಹೆಣ ಹೋದ ಮನೆಯನ್ನು ಸಾರಿಸಿ ಶುದ್ಧ ಮಾಡಬೇಕು. ಸೊಸೆ ದಮಯಂತಿ ಮುದುಕಿಯ ಕೋಣೆಯಲ್ಲಿ ಸೆಗಣಿ ಬಕೆಟ್ ಇಟ್ಟುಕೊಂಡು ಮಂಚ ಸರಿಸಿದ್ದಳು.

ಇದ್ದಿಲು ಬೆರೆಸಿ ಸಾರಿಸಿದ ಕಪ್ಪು ಗೋಡೆಯ ಮೇಲೆ, ಮಂಚದ ಹಿಂದೆ, ಸುಣ್ಣದ ಬೊಟ್ಟುಗಳಿದ್ದವು. ಎಲೆಅಡಿಕೆಗೆ ಹಚ್ಚುವ ಸುಣ್ಣ. ಮೇಲಿನವು ಸಾಲುಸಾಲಾಗಿ, ನೇರವಾಗಿ ಇದ್ದವು. ಕೆಳಗೆ ಬಂದಂತೆ ಸಾಲು ಸೊಟ್ಟಗಾಗಿ ಒಂದರ ಮೇಲೊಂದು ಬಿದ್ದಿದ್ದವು.

"ಇದೇನವ್ವ?"

"ಅತ್ತೆ ಇಟ್ಟದ್. ಕೆಂಪು ಹೋದ ದಿನಕ್ಕೆ ಒಂದೊಂದು ಅಂತ ಹೇಳ್ತಿತ್ತ್. ಕಂಪೌಂಡರು ಲೆಕ್ಕ ಕೇಳಿಯೊಳೊ ಅಂತ." ದಮಯಂತಿ ಅವನ ಮುಖ ನೋಡಲಿಲ್ಲ. "ನಾವು ಮರೆವು ಅಂದ್ಕಂಡೊ. ಸಾರಿಗೆ ಉಪ್ಪಿಲ್ಲೆ ಅಂದರೂ ಮರೆವು ಅಂದೊ. ಕೊನೆಗೆ ಹೇಳದೇ ಬಿಟ್ಟತ್."

ಕೆಂಪಣ್ಣ ಅಂಗಳಕ್ಕೆ ಬಂದ. ಮಿಂದು ಬಂದವರು ಆಗಲೇ ಕೂತಿದ್ದರು. ನಾಣಯ್ಯ ತುಂಬಿಸಿಕೊಂಡ ಪೆನ್ನಿನಿಂದ ಬರೆಯುತ್ತಿದ್ದ.

"ಪಟೇಲ್ರೇ, ಮುಪ್ಪು ಅಂತ ಬರೀಬ್ಯಾಡಿ. ಆಯಮ್ಮಂಗೆ ಮರೆವು ಇರ್ಲಿಲ್ಲ. ಮೂತ್ರದಲ್ಲಿ ರಕ್ತ ಹೋಗ್ತಿತ್ತು. ಆಟಿಯಲ್ಲೇ ನನ್ ಹತ್ರ ಬಂದು ಹೇಳಿದ್ರು. ನಾನು ನಕ್ಕು ಕಳಿಸ್ದೆ. ಮಡಿಕೇರಿಗೆ ಕಳಿಸಬೇಕಿತ್ತು. ನನ್ನ ತಪ್ಪು."

ಪದ್ಮಯ್ಯ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ನೀವು ಎರಡು ರಾತ್ರಿ ಮಲಗಿಲ್ಲೆ ಕಂಪೌಂಡ್ರೇ. ಎಂತೆಂತದೋ ಹೇಳ್ತಾ ಒಳರಿ. ಕೂರಿ, ಚೂರು ಬೆಲ್ಲದ ಕಾಫಿ ಕುಡೀರಿ."

"ನಂಗೆ ತಲೆ ಸರಿ ಇದೆ ಪದ್ಮಯ್ಯ!" ಎಂದ ಕೆಂಪಣ್ಣ. ಅಂದಮೇಲೆ ಆ ಮಾತು ಯಾರದೆಂದು ನೆನಪಾಯಿತು.

"ಹೌದು, ಹೌದು," ಎಂದ ನಾಣಯ್ಯ ಮಗುವಿಗೆ ಹೇಳುವಂತೆ, ಬರೆದದ್ದರ ಮೇಲೆ ಒತ್ತುಕಾಗದ ಒತ್ತಿದ.

ಕೆಂಪಣ್ಣ ಕೋಣೆಗೆ ತಿರುಗಿ ಬಂದ. ದಮಯಂತಿ ಮೇಲಿನಿಂದ ಸಾರಿಸುತ್ತ ಬಂದು, ಅರ್ಧ ಗೋಡೆಗೆ ನಿಂತಿದ್ದಳು. ಕೈಯಲ್ಲಿದ್ದ ಬಟ್ಟೆಯಿಂದ ಸೆಗಣಿನೀರು ತೊಟ್ಟಿಕ್ಕುತ್ತಿತ್ತು. ಮಂಚದ ಕಾಲಿನ ಹತ್ತಿರ, ಮಲಗಿದವಳ ಕೈ ಎಟುಕುವಷ್ಟು ಕೆಳಗೆ ಕೊನೆಯ ಬೊಟ್ಟಿತ್ತು. ಸುಣ್ಣ ಇನ್ನೂ ದಪ್ಪವಾಗಿ, ಬೆಳ್ಳಗೆ ಇತ್ತು. ಬಾಗಿ ನೋಡಿದರೆ ಅದರೊಳಗೆ ಬೆರಳ ತುದಿಯ ಗೆರೆಗಳು ಒಂದೂ ಅಳಿಸದೆ ಮೂಡಿದ್ದವು.