ಎಷ್ಟೊಂದು ಬೆಳ್ಳಿದಿಬ್ಬ

ಹೊನ್ನಾವರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಒಡೆದ ಸ್ಕ್ರೀನುಗಳ ಕಪಾಟಿನ ಹಿಂದೆ ಹಳೆಯ ಕಂಪ್ಯೂಟರೊಂದು ಸದಾ ಗುಂಯ್ ಎನ್ನುತ್ತಿರುತ್ತದೆ. ಅದರೊಳಗೆ ಇರುವುದು ‘ದಡ’, ಕರಾವಳಿಯ ಒಂದಷ್ಟು ಮಂದಿ ಹರಟುವ ತಾಣ. ಅದಕ್ಕೆ ಕಂಪನಿಯಿಲ್ಲ, ಜಾಹೀರಾತಿಲ್ಲ; ಮಾಲೀಕನೂ ಕಸ ಗುಡಿಸುವವನೂ ಹರೀಶನೆಂಬ ನಾನೇ. ಇಂಥ ಪುಟ್ಟ ತಾಣಗಳು ಲೋಕದ ತುಂಬ ಇವೆ. ಒಂದರಲ್ಲಿ ಬರೆದದ್ದು ಉಳಿದವಕ್ಕೂ ಹೋಗುತ್ತದೆ, ತಾರಿದೋಣಿ ಈ ದಡದಿಂದ ಆ ದಡಕ್ಕೆ ಹೋದ ಹಾಗೆ.

ನನ್ನ ಹೆಂಡತಿ ದೀಪಾ ಇದನ್ನು ‘ಕೆಲಸವಿಲ್ಲದ ಬಡಗಿಯ ಕೆಲಸ’ ಎನ್ನುತ್ತಾಳೆ. ಅನ್ನಲಿ. ಗಿರಾಕಿಗಳಿಲ್ಲದ ಮಧ್ಯಾಹ್ನ, ಕಂಡರಿಯದ ಊರುಗಳ ಮಳೆ, ಬೆಕ್ಕು, ಮೀನು ನನ್ನ ಪರದೆಯ ಮೇಲೆ ತೇಲಿಹೋಗುವುದನ್ನು ಅರೆಗಣ್ಣಲ್ಲಿ ನೋಡುತ್ತ ಕೂರುವ ಸುಖ ಅವಳಿಗೇನು ಗೊತ್ತು!

‘ದಡ’ದಲ್ಲಿ ನಾನು ಕಾದು ಓದುತ್ತಿದ್ದದ್ದು ಪ್ರಣಿತಾಳನ್ನು. ಭಟ್ಕಳದ ಹುಡುಗಿ, ಹೊಳೆದಂಡೆಯ ಅಘನಾಶಿನಿ ಊರಿಗೆ ಮದುವೆಯಾಗಿ ಬಂದವಳು, ಕುಮಟೆಯ ಕಾಲೇಜೊಂದರಲ್ಲಿ ಲೈಬ್ರೆರಿ ನೋಡಿಕೊಳ್ಳುತ್ತಾಳೆ. ‘ಇಳಿತ’ ಎಂಬ ಸ್ವಂತ ಬ್ಲಾಗು ಇಟ್ಟುಕೊಂಡಿದ್ದಾಳೆ. ಅಲ್ಲಿ ಬರೆದದ್ದೆಲ್ಲ ‘ದಡ’ಕ್ಕೂ ಬರುತ್ತದೆ, ನಮ್ಮಿಂದ ಊರೂರಿಗೆ ಹೋಗುತ್ತದೆ.

ಒಂದು ದಿನ ಅವಳು ಅತ್ತೆ ಗಣಪಿಯ ಜೊತೆ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ಹೆಕ್ಕಲು ಹೋದದ್ದನ್ನು ಬರೆದಳು. ನೀರು ಇಳಿಯುತ್ತಿದ್ದಂತೆ ಹೊಳೆಯ ನಡುವೆ ಬೆಳ್ಳಿದಿಬ್ಬವೆಂಬ ಮರಳದಿಣ್ಣೆ ಮೆಲ್ಲಗೆ ಬೆನ್ನು ತೋರಿಸಿತಂತೆ. ಸುತ್ತ ಮಂಜು, ಊರಿಲ್ಲ, ಆಕಾಶವಿಲ್ಲ. ಹೆಂಗಸರು ಕಾಲ ಬೆರಳಲ್ಲೇ ಮರಳನ್ನು ಮಾತಾಡಿಸಿ ಚಿಪ್ಪು ಹುಡುಕುತ್ತಿದ್ದರಂತೆ, ಮರಿಗಳನ್ನು ಮತ್ತೆ ಮರಳಿಗೇ ಬಿಡುತ್ತಿದ್ದರಂತೆ. ಓದುತ್ತ ಓದುತ್ತ ನನ್ನ ಅಂಗಡಿಯ ನೆಲವೂ ಒದ್ದೆಯಾದಂತೆ ಅನ್ನಿಸಿತು. ಕೊನೆಯಲ್ಲಿ ಅವಳು ಒಂದು ಚಿತ್ರ ಹಾಕಿ, ಅದರ ಕೆಳಗೆ ನಕ್ಷೆಯಲ್ಲಿ ಜಾಗವನ್ನೂ ಗುರುತಿಸಿದ್ದಳು.

ಅಲ್ಲೇ ಎಡವಿದ್ದು. ಬಳಚಿಗೆ ಹೊರಟ ಹೆಂಗಸರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಗೊತ್ತಿಲ್ಲದವರು ಕೇಳಿದರೂ ಸಿಗುವ ಉತ್ತರ ಒಂದೇ: “ಇಲ್ಲೇ, ಹೊಳೆಗೆ.” ಊರಿಗೆಲ್ಲ ಗೊತ್ತಿದ್ದ ಈ ಮಾತನ್ನು ಹೊಸ ಸೊಸೆಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬರಹ ನೂರಾರು ತಾಣಗಳಿಗೆ ಹರಡಿತು. ಭಾನುವಾರ ಬಂತೆಂದರೆ ರಬ್ಬರ್ ದೋಣಿ ಹೊತ್ತ ಕಾರುಗಳು. ಬಂದವರು ದಿಬ್ಬದ ಮೇಲೆ ಕುಣಿದರು, ವಿಡಿಯೋ ಮಾಡಿದರು, ಉಗುರಿನಷ್ಟೇ ದೊಡ್ಡ ಮರಿಗಳನ್ನು ನೆನಪಿಗೆಂದು ಚೀಲ ಚೀಲ ತುಂಬಿಕೊಂಡು ಹೋದರು. ನನಗೆ ಮೈ ಉರಿಯಿತು.

ಒಂದು ಮಧ್ಯಾಹ್ನ ಪ್ರಣಿತಾ ಅಂಗಡಿಗೇ ಬಂದಳು. ಕಣ್ಣು ಕೆಂಪಗಿತ್ತು.

“ಹರೀಶಣ್ಣ, ಹೊಳೆ ಇಳಿಯೂ ಹೊತ್ತಿಗೆ ಪಕ್ಕದ ಮನೆ ಮಾದೇವಕ್ಕ ಬಾಗಿಲಿಗೆ ಬಂದು ಅತ್ತೇನ ಕರೀತಿದ್ರು. ಈಗ ಯಾರೂ ಕರಿಯೂದಿಲ್ಲ. ಅತ್ತೆ ಬುಟ್ಟಿ ತೊಡೆ ಮೇಲೆ ಇಟ್ಕಂಡು ಜಗಲಿ ಮೇಲೆ ಕೂತಿರ್ತಾರೆ. ನಂಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೊಲೋ ಇತ್ತು. ಅದನ್ನ ಅಳಿಸಿಬಿಡಿ.”

“ನಮ್ಮಲ್ಲಿ ಅಳಿಸ್ತೆ. ಅಳಿಸಿ ಅಂತ ಉಳಿದವರಿಗೂ ಹೇಳಿ ಕಳಿಸ್ತೆ. ಕೇಳದೇ ಇದ್ದವರಿಗೆ ಎಂತ ಮಾಡೂದು?”

ನಮಗೆ ಯಜಮಾನನಿಲ್ಲ ಎಂದು ಇಷ್ಟು ದಿನ ಎದೆ ತಟ್ಟಿಕೊಂಡಿದ್ದೆ. ಅವತ್ತು ಮಾತ್ರ, ಕಾಲು ಹಿಡಿಯಲಾದರೂ ಒಬ್ಬ ಯಜಮಾನ ಇರಬಾರದಿತ್ತೇ ಎನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂದೊಂದು ತಾಣದವರಿಗೂ ಬೇರೆ ಬೇರೆಯಾಗಿ ಬರೆದೆವು: ಇದೊಂದು ಬಡ ದಿಬ್ಬ, ಇದರಿಂದ ಕೆಲವು ಮನೆಗಳ ಒಲೆ ಉರಿಯುತ್ತದೆ, ದಯವಿಟ್ಟು ಮರೆತುಬಿಡಿ. ಬಹಳ ಜನ ಅಳಿಸಿದರು. ಆದರೆ ಚಿತ್ರ ಆಗಲೇ ಕೈಯಿಂದ ಕೈಗೆ ದಾಟಿ ಹೋಗಿತ್ತು. ಭಟ್ಕಳದ ಪಕ್ಕದ ಜಾಲಿಯಲ್ಲಿ ಸ್ವಂತ ತಾಣ ನಡೆಸುವ ಝುಬೈರ್ ಉತ್ತರಿಸಿದ: “ನಾನು ಅಳಿಸಿದೆ ಭಾಯಿ. ಆದರೆ ಅಡಗಿಸಲಿಕ್ಕೆ ಆಗದಿದ್ದರೆ ಹೆಚ್ಚು ಮಾಡುವ.”

ಸಂಜೆಗೆ ಅವನ ತಾಣದಲ್ಲಿ ಜಾಲಿಯ ಕಡಲ ದಂಡೆಯ ಒದ್ದೆ ಮರಳಿನ ಚಿತ್ರ, ಕೆಳಗೆ ನಕ್ಷೆಯ ಗುರುತು. ಶೀರ್ಷಿಕೆ: ಬೆಳ್ಳಿದಿಬ್ಬ.

ನಾನು ಒಬ್ಬನೇ ಜೋರಾಗಿ ನಕ್ಕೆ. ಮರುದಿನ ಅಪ್ಸರಕೊಂಡದ ಮರಳಿಗೂ ಅದೇ ಹೆಸರಿಟ್ಟೆ. ಆಮೇಲೆ ತಡೆಯುವವರಾರು? ಮಂಗಳೂರಿನ ಹಿನ್ನೀರಲ್ಲಿ ಒಂದು ಬೆಳ್ಳಿದಿಬ್ಬ ಎದ್ದಿತು. ಬಂಗಾಳದ ಹುಡುಗಿಯೊಬ್ಬಳ ನದಿಯಲ್ಲಿ ಇನ್ನೊಂದು. ಪೋರ್ಚುಗಲ್ಲಿನ ಮುದುಕನೊಬ್ಬ ಕನ್ನಡದ ಅಕ್ಷರಗಳನ್ನು ಚಿತ್ರದಂತೆ ನೋಡಿಕೊಂಡು ತನ್ನ ಹೊಳೆಯ ಮರಳ ಮೇಲೆ ಕೋಲಿನಿಂದ ಬರೆದಿದ್ದ. ಮಧ್ಯಾಹ್ನದ ತೂಕಡಿಕೆಯಲ್ಲಿ ನೋಡುತ್ತಿದ್ದರೆ ಲೋಕದ ಹೊಳೆಗಳೆಲ್ಲ ಒಟ್ಟಿಗೇ ಇಳಿದು, ಎಲ್ಲೆಲ್ಲೂ ಒಂದೇ ದಿಬ್ಬ ಏಳುತ್ತಿದೆಯೇನೋ ಅನ್ನಿಸುತ್ತಿತ್ತು. ಅಸಲು ದಿಬ್ಬ ಆ ರಾಶಿಯಲ್ಲಿ ಎಲ್ಲೋ ಮುಳುಗಿತು.

ಒಮ್ಮೆ ಅಂಗಡಿಯ ಮುಂದೆ ಕಾರು ನಿಲ್ಲಿಸಿದ ಹುಡುಗರು ಫೋನು ಚಾಚಿದರು. “ಇಷ್ಟೊಂದು ತೋರಿಸ್ತಿದೆ ಸರ್, ಅಸಲಿ ಬೆಳ್ಳಿದಿಬ್ಬ ಯಾವುದು?”

“ಅಪ್ಸರಕೊಂಡದ್ದು,” ಎಂದೆ ಗಂಭೀರವಾಗಿ. “ಹತ್ತಿರ ಜಲಪಾತಾನೂ ಇದೆ.” ಒಳಗಿನಿಂದ ದೀಪಾ ಮುಸಿಮುಸಿ ನಗುವುದು ಕೇಳಿಸಿತು.

ಅಘನಾಶಿನಿಗೆ ಬರುವ ಕಾರುಗಳು ಕಡಿಮೆಯಾಗಿ, ಕೊನೆಗೆ ನಿಂತವು. ಆಗ ಪ್ರಣಿತಾ ಧೈರ್ಯ ಮಾಡಿ ಅತ್ತೆಯ ಪಕ್ಕ ಕೂತು ಆ ಚಿತ್ರಗಳನ್ನೆಲ್ಲ ತೋರಿಸಿದಳಂತೆ. ಗಣಪಿ ಒಂದೊಂದು ಹೊಳೆಯನ್ನೂ ಕಣ್ಣು ಕಿರಿದು ಮಾಡಿ ನೋಡಿದರಂತೆ.

“ಇಷ್ಟು ಜನ ನಮಗೋಸ್ಕರ ಸುಳ್ಳು ಹೇಳಿದ್ರನೇ?”

“ಹೂಂ ಅತ್ತೆ.”

“ಯಾರಿವರು?”

“ಗೊತ್ತಿಲ್ಲ.”

ಗಣಪಿ ಕೊನೆಯ ಚಿತ್ರವನ್ನು ಇನ್ನೊಮ್ಮೆ ನೋಡಿ, “ಆತು, ನಮ್ಮವರೇ,” ಎಂದರಂತೆ.

ವಾರದ ಮೇಲೆ ‘ಇಳಿತ’ದಲ್ಲಿ ಹೊಸ ಬರಹ ಬಂತು. ಚಿತ್ರವಿಲ್ಲ, ನಕ್ಷೆಯಿಲ್ಲ; ಅವಳ ನಾಲ್ಕು ಸಾಲು ಮಾತ್ರ: ಬೆಳಿಗ್ಗೆ ಮಂಜಿನೊಳಗಿಂದ ಮಾದೇವಕ್ಕನ ದನಿ ಕೇಳಿಸಿತು, “ಗಣಪೀ, ಹೊರಟ್ಯನೇ?” ಅತ್ತೆ ಎದ್ದರು, ಜಗಲಿ ಇಳಿದರು, ಮತ್ತೆ ತಿರುಗಿ ಬಂದು ಇನ್ನೊಂದು ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟರು. ಅಷ್ಟೇ ಬರೆದಿದ್ದಳು.

ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಆ ಭರದಲ್ಲಿ ಬುದ್ಧಿ ಕೈಕೊಟ್ಟು ಬರೆದುಬಿಟ್ಟೆ: “ಎಲ್ಲಿಗೆ ಹೋಗಿದ್ರಿ?”

ಸ್ವಲ್ಪ ಹೊತ್ತಿಗೆ ಉತ್ತರ ಬಂತು.

“ಇಲ್ಲೇ, ಹೊಳೆಗೆ.”