ಪೊನ್ಸ್ ಧಣಿ ನಗುತ್ತ ಬಂದ ದಿನ

ಕುದುರೆಗಳು ಗುಡ್ಡ ಹತ್ತುವ ಸದ್ದು ಕೇಳಿದಾಗ ನನ್ನ ತಮ್ಮ ಒಲಿಬಾ ಬುರುಜಿನ ನೆಲದಡಿಯ ಕಣಜದಲ್ಲಿ ಅಡಗಿದ್ದ. ಪೊನ್ಸ್ ಧಣಿಯ ಹೊಲದಲ್ಲಿ ಹುಟ್ಟಿದವನು ಅಪ್ಪಣೆಯಿಲ್ಲದೆ ಆ ಹೊಲ ಬಿಡುವಂತಿಲ್ಲ. ಇವನು ಬಿಟ್ಟು ಓಡಿ ಬಂದಿದ್ದ. ಸಿಕ್ಕಿದರೆ ಪಾದ ಕಡಿಯುತ್ತಿದ್ದರು.

ನನ್ನ ಗಂಡ ಮೀರ್ ಆ ಬುರುಜಿನ ಕಾವಲುಗಾರ. ಧಣಿಯ ಅಂಗೈಗಳ ನಡುವೆ ಕೈ ಜೋಡಿಸಿಟ್ಟು 'ನಾನು ನಿಮ್ಮವನು' ಎಂದು ಆಣೆಯಿಟ್ಟಿದ್ದಕ್ಕೆ ನಮಗೆ ಗುಡ್ಡದ ಬುಡದ ದ್ರಾಕ್ಷಿತೋಟ ಸಿಕ್ಕಿತ್ತು. ಧಣಿ ಮುನಿದು ಬಂದರೂ ನಗುತ್ತ ಬಂದರೂ, ಕೇಳಿದ ಕೂಡಲೇ ಬುರುಜು ಬಿಟ್ಟುಕೊಡಬೇಕು.

ಅಂದು ನಗುತ್ತ ಬಂದರು. ಮುನಿದು ಬಂದಿದ್ದರೇ ವಾಸಿಯಿತ್ತು.

ಅವರ ಆಳೊಬ್ಬ ಬುರುಜಿನ ನೆತ್ತಿಗೆ ಹತ್ತಿ "ಪೊನ್ಸ್! ಪೊನ್ಸ್!" ಎಂದು ಕೂಗಿದ. ಹಾಗೆ ಕೂಗಿದರೆ ಬುರುಜು ಧಣಿಯ ಕೈಸೇರಿತೆಂದು ಲೆಕ್ಕ. ಇಳಿದು ಬರುವಾಗ ಕಣಜ ಮುಚ್ಚಿದ ಹಲಗೆಯ ಮೇಲೆ ಅವನ ಕಾಲು ನಿಂತಿತು. ನಾನು ಧಣಿಗೆ ರೊಟ್ಟಿ ಬಡಿಸಿದೆ. ಅವನು ಮುಂದೆ ಹೋದ.

ಧಣಿ ನಮ್ಮ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. "ಉಪ್ಪು ಜಾಸ್ತಿ ಆಯ್ತಲ್ಲೇ ಗಿಸ್ಲಾ. ಮನಸ್ಸು ಎಲ್ಲಿತ್ತು?"

ಆಮೇಲೆ ಮೀರ್‌ನ ಕಡೆ ತಿರುಗಿದರು. "ಬಾರೋ, ಕೈ ಕೊಡು. ಬುರುಜು ನಿನಗೇ ವಾಪಸ್ಸು. ನನ್ನ ಹೊಲ ಬಿಟ್ಟು ಓಡಿದವನು ಇಲ್ಲಿಲ್ಲ ಅಂತ ಆಣೆ ಇಡು, ಸಾಕು."

ಮೀರ್ ಮೊಣಕಾಲೂರಿ ಕೈ ಕೊಟ್ಟ.

"ಏನೋ ಇದು, ನಿನ್ನ ಕೈ ಒಳ್ಳೆ ಗುಬ್ಬಿಮರಿ ಥರ ಬಡ್ಕೊಳ್ತಿದೆ?"

ಮೀರ್ ಕೈ ಎಳೆದುಕೊಂಡ. "ಸುಳ್ಳಾಣೆ ನನ್ನಿಂದಾಗಲ್ಲ ಧಣಿ. ಭಾಮೈದನ್ನ ಹಿಡ್ಕೊಡೋಕೂ ಆಗಲ್ಲ. ತೋಟ, ಬುರುಜು ಎಲ್ಲ ತಗೊಳ್ಳಿ. ಅವನನ್ನ ಬಿಟ್ಬಿಡಿ."

ಧಣಿಯ ನಗು ಮಾಯವಾಯಿತು. "ಆ ಬಳ್ಳಿ ನೆಟ್ಟಿದ್ದು ನೀನೇ ಅಲ್ವೇನೋ?"

"ಹೌದು, ಧಣಿ."

ಅವರು ಬಾಗಿಲ ಕಡೆ ಕೈ ತೋರಿದರು. "ಬಿಸಿಲು ಇಳಿಯೋದ್ರೊಳಗೆ ಹೊಳೆ ದಾಟ್ಕೊಳ್ಳಿ. ಆಮೇಲೆ ಈ ದಡದಲ್ಲಿ ಸಿಕ್ಕಿದ್ರೆ, ಮೂವರ ಪಾದಾನೂ ನನ್ನದೇ."

ಒಲಿಬಾನನ್ನು ಕಣಜದಿಂದ ಹೊರಗೆ ಕರೆದು, ಉಟ್ಟ ಬಟ್ಟೆಯಲ್ಲೇ ಹೊರಟೆವು. ತೋಟದಲ್ಲಿ ಹಣ್ಣು ಕಪ್ಪಾಗಿ ತೂಗುತ್ತಿತ್ತು. ಒಲಿಬಾ ಒಂದು ಗೊಂಚಲಿಗೆ ಕೈ ಹಾಕಿದ. ಮೀರ್ ಆ ಕೈಗೆ ಹೊಡೆದ. "ಮುಟ್ಬೇಡ. ಅದು ನಮ್ದಲ್ಲ."

ಹಿಂದೆ ಕುದುರೆಗಳು ನಮ್ಮ ನಡಿಗೆಯಷ್ಟೇ ನಿಧಾನವಾಗಿ ಬರುತ್ತಿದ್ದವು. ಓಡಿದರೆ ಅವೂ ಓಡುತ್ತವೆಂದು ನಾವು ಓಡಲಿಲ್ಲ. ಸೆಗ್ರೆ ಹೊಳೆಯ ನೀರು ಸೊಂಟಕ್ಕೆ ಬಂದ ಮೇಲೆಯೇ ಗೊರಸಿನ ಸದ್ದು ನಿಂತದ್ದು.

ಆಚೆ ದಡದಲ್ಲಿ ಕಾವಲಿನವನೊಬ್ಬ ಈಟಿ ಅಡ್ಡ ಹಿಡಿದ. "ಯಾರ ಆಳುಗಳ್ರೋ ನೀವು?"

"ಈ ನೆಲ ಯಾರದಪ್ಪಾ?" ಎಂದು ಮೀರ್ ಕೇಳಿದ.

ಅವನು ಹೇಳಿದ ಹೆಸರನ್ನು ನಾವು ಎಂದೂ ಕೇಳಿರಲಿಲ್ಲ.

"ಹಾಗಾದ್ರೆ ಅವರ ಆಳುಗಳು," ಎಂದ ಮೀರ್.